ಕಾಯಿಲೆಯ ಭಯ ಮತ್ತು ಕ್ಯಾಬ್ ಆ್ಯಪ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆ್ಯಪ್‌ನಲ್ಲಿ ಕ್ಯಾಬ್ ಕರೆಯುವುದು, ಗುರುತಿಲ್ಲದವರ ಜೊತೆ ಸೀಟು ಹಂಚಿಕೊಂಡು ಹೋಗುವುದು, ರಸ್ತೆ ಬದಿ ನಿಂತ ಬಾಡಿಗೆ ಸ್ಕೂಟರ್ ಎತ್ತಿಕೊಂಡು ಹೊರಡುವುದು. ಈ ಮೂರನ್ನೂ ಇಲ್ಲಿ ಒಟ್ಟಿಗೆ ನೋಡಿದ್ದೇನೆ. ಸೋಂಕಿನ ಭಯ ಬಂದಾಗ ಯಾರು ಇವನ್ನು ಬಿಡುತ್ತಾರೆ, ಯಾರು ಹೊಸದಾಗಿ ಹಿಡಿಯುತ್ತಾರೆ, ಯಾಕೆ ಎನ್ನುವುದೇ ವಿಷಯ. ಉದಾಹರಣೆಗಳು ಹೆಚ್ಚಾಗಿ ಕೋವಿಡ್ ಕಾಲದವು.

ಕಾಯಿಲೆ ಹರಡುವಾಗ ಜನ ಕ್ಯಾಬ್ ಬಿಡ್ತಾರೆ, ಅಷ್ಟೇ ಅಲ್ವಾ? ಇದರಲ್ಲಿ ತಿಳಿದುಕೊಳ್ಳೋಕೆ ಏನಿದೆ?

ಅಷ್ಟೇ ಆಗಿದ್ದರೆ ಈ ಪುಟ ಬೇಕಿರಲಿಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಊಬರ್‌ನ ಪ್ರಯಾಣದ ವಹಿವಾಟು ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು 75% ಕುಸಿಯಿತು. ಅದೇ ಮೂರು ತಿಂಗಳಲ್ಲಿ ಅದೇ ಕಂಪನಿಯ ಊಟ ತಲುಪಿಸುವ ವಹಿವಾಟು ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಕಂಪನಿ ಒಂದೇ, ಕಾಯಿಲೆ ಒಂದೇ. ಜನ ಫೋನ್ ಕೆಳಗಿಡಲಿಲ್ಲ, ಅದರಲ್ಲಿ ಬೇರೆ ಬಟನ್ ಒತ್ತಿದರು.

ಪ್ರಯಾಣದ ಒಳಗೂ ಹೀಗೇ ಆಗುತ್ತದೆ. ಭಯ ಜನರನ್ನು ಒಂದು ಆಯ್ಕೆಯಿಂದ ಇನ್ನೊಂದಕ್ಕೆ ತಳ್ಳುತ್ತದೆ. ಸೀಟು ಹಂಚಿಕೊಳ್ಳುವುದರಿಂದ ಒಬ್ಬರೇ ಹೋಗುವ ಕ್ಯಾಬಿಗೆ, ರೈಲಿನಿಂದ ಸೈಕಲ್ಲಿಗೆ, ಕ್ಯಾಬಿನಿಂದ ಸ್ವಂತ ಕಾರಿಗೆ. ಎತ್ತ ತಳ್ಳುತ್ತದೆ ಎನ್ನುವುದು ಆ ಮನುಷ್ಯನ ಕೈಯಲ್ಲಿ ಇನ್ನೇನು ದಾರಿ ಇದೆ ಎನ್ನುವುದರ ಮೇಲೆ ನಿಂತಿದೆ. ಮುಂದಿನ ಎಷ್ಟೋ ಉತ್ತರಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

2020ರಲ್ಲಿ ಬಳಕೆ ಬಿದ್ದದ್ದು ಭಯದಿಂದಲೋ, ಲಾಕ್‌ಡೌನ್‌ನಿಂದಲೋ?

ಎರಡೂ ಸೇರಿ. ಆಫೀಸು, ಸಿನಿಮಾ ಮಂದಿರ, ವಿಮಾನ ನಿಲ್ದಾಣ ಎಲ್ಲ ಖಾಲಿ ಇದ್ದಾಗ ಕ್ಯಾಬ್ ಹಿಡಿದು ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಒಟ್ಟು ಕುಸಿತವನ್ನು ಪೂರ್ತಿ ಭಯದ ಲೆಕ್ಕಕ್ಕೆ ಬರೆಯುವುದು ತಪ್ಪು.

ಭಯದ ಪಾಲನ್ನು ಬೇರೆ ಮಾಡಿ ನೋಡಬೇಕೆಂದರೆ ನಿರ್ಬಂಧ ತೆಗೆದ ಮೇಲೆ ಏನಾಯಿತು ಅಂತ ನೋಡಬೇಕು. ಒಂದೇ ಊರಲ್ಲಿ, ಒಂದೇ ವಾರದಲ್ಲಿ, ಯಾವ ಬಗೆಯ ಪ್ರಯಾಣ ಮೊದಲು ಚೇತರಿಸಿಕೊಂಡಿತು, ಯಾವುದು ಕೊನೆಗೆ? ಹೋಗಬೇಕಾದ ಜಾಗ ತೆರೆದಿದ್ದರೂ ಜನ ಒಂದು ಬಗೆಯ ವಾಹನವನ್ನು ಮಾತ್ರ ಬಿಟ್ಟು ಇನ್ನೊಂದರಲ್ಲಿ ಹೋಗುತ್ತಿದ್ದರೆ, ಅಲ್ಲಿ ಭಯ ಕೆಲಸ ಮಾಡುತ್ತಿದೆ ಅಂತ ಹೇಳಬಹುದು. ಕಂಪನಿಗಳ ಒಟ್ಟು ಲೆಕ್ಕಪತ್ರದಲ್ಲಿ ಇದು ಕಾಣುವುದಿಲ್ಲ.

ನಿಜವಾದ ಅಪಾಯ ಒಂದು, ಮನಸ್ಸಿಗೆ ಅನಿಸುವ ಅಪಾಯ ಇನ್ನೊಂದು ಅಂತಾರಲ್ಲ. ಯಾಕೆ ಈ ಅಂತರ?

ಜನ ದಡ್ಡರು ಅಂತಲ್ಲ. ನಾವು ಅಪಾಯವನ್ನು ಸಾವಿನ ಸಂಖ್ಯೆಯಿಂದ ಅಳೆಯುವುದಿಲ್ಲ, ಅಷ್ಟೇ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ತಿರುಗಿ ನೋಡುವ ಬರಹ. ಒಂದು ಅಪಾಯ ನಮಗೆ ದೊಡ್ಡದಾಗಿ ಕಾಣಲು ಮುಖ್ಯವಾಗಿ ಎರಡು ಕಾರಣ ಅಂತ ಅದರಲ್ಲಿ ತೋರಿಸಿದರು. ಮೊದಲನೆಯದು, ಅದು ಎಷ್ಟು ದಿಗಿಲು ಹುಟ್ಟಿಸುತ್ತದೆ: ನಮ್ಮ ಹಿಡಿತದಲ್ಲಿ ಇದೆಯಾ, ಒಟ್ಟಿಗೆ ತುಂಬಾ ಜನರನ್ನು ಕೊಲ್ಲುತ್ತದಾ? ಎರಡನೆಯದು, ಅದು ಎಷ್ಟು ಹೊಸದು: ಕಣ್ಣಿಗೆ ಕಾಣುತ್ತದಾ, ಪರಿಣಾಮ ತಡವಾಗಿ ಗೊತ್ತಾಗುತ್ತದಾ? ಅವರು ವರದಿ ಮಾಡಿದ 30 ಅಪಾಯಗಳ ಪಟ್ಟಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಅಣುವಿದ್ಯುತ್ತನ್ನು ಮೊದಲ ಸ್ಥಾನದಲ್ಲಿ ಇಟ್ಟಿದ್ದರು. ಪರಿಣತರು ಇಟ್ಟದ್ದು 20ನೇ ಸ್ಥಾನದಲ್ಲಿ.

ಈಗ ಹೊಸ ವೈರಸ್ ಬಂದಿರುವ ಊರಿನಲ್ಲಿ ಒಂದು ಕ್ಯಾಬ್ ಊಹಿಸಿಕೊಳ್ಳಿ. ವೈರಸ್ ಕಣ್ಣಿಗೆ ಕಾಣುವುದಿಲ್ಲ. ಲಕ್ಷಣ ಕಾಣಿಸಿಕೊಳ್ಳಲು ದಿನಗಳು ಹಿಡಿಯುತ್ತವೆ. ಹಿಂದಿನ ಪ್ರಯಾಣಿಕ ಯಾರು ಅಂತ ಗೊತ್ತಿಲ್ಲ. ಕಿಟಕಿ, ಎಸಿ ಡ್ರೈವರ್ ಕೈಯಲ್ಲಿವೆ. ದಿಗಿಲಿಗೆ ಬೇಕಾದದ್ದೆಲ್ಲ ಒಂದೇ ಸೀಟಿನಲ್ಲಿ ಕೂತಿದೆ.

ಸ್ವಂತ ಇಷ್ಟದಿಂದ ತೆಗೆದುಕೊಂಡ ಅಪಾಯ ಬೇರೆ, ಇನ್ನೊಬ್ಬರು ಹೇರಿದ ಅಪಾಯ ಬೇರೆ. ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲೇ ಇದರ ಲೆಕ್ಕ ಹಾಕಿದ್ದರು. ತಾವೇ ಆರಿಸಿಕೊಂಡ ಅಪಾಯವಾದರೆ ಜನ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತಾರೆ ಎಂಬುದು ಅವರ ಅಂದಾಜು. ಆ ಸಾವಿರದ ಬಗ್ಗೆ ಆಮೇಲೆ ಬೇಕಾದಷ್ಟು ವಾದ ನಡೆಯಿತು. ಆದರೆ ಹೇಳಿದ ಮಾತಿನ ದಿಕ್ಕು ಸರಿಯಾಗಿಯೇ ಇತ್ತು.

ಭಯ ತಪ್ಪು ಕಡೆ ಕರೆದುಕೊಂಡು ಹೋದ ಉದಾಹರಣೆಯೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಅನೇಕರು ವಿಮಾನ ಬಿಟ್ಟು ಕಾರಿನಲ್ಲಿ ಓಡಾಡಿದರು. ಹೀಗಾಗಿ ಮೊದಲ ಮೂರು ತಿಂಗಳಲ್ಲೇ ಮಾಮೂಲಿಗಿಂತ ಸುಮಾರು 350 ಮಂದಿ ಹೆಚ್ಚು ರಸ್ತೆಯಲ್ಲಿ ಸತ್ತರು ಎಂದು ಗೆರ್ಡ್ ಗಿಗರೆಂಜರ್ 2004ರಲ್ಲಿ ಅಂದಾಜು ಮಾಡಿದರು. ಹೆದರಿಕೆ ಕಡಿಮೆ, ಅಪಾಯ ಜಾಸ್ತಿ ಇದ್ದ ವಾಹನಕ್ಕೆ ಜನ ಹತ್ತಿದ್ದರು.

ಹಾಗಾದರೆ ಸೀಟು ಹಂಚಿಕೊಳ್ಳುವ ಪೂಲ್ ಸೇವೆಯೇ ಮೊದಲು ನಿಂತದ್ದು ಯಾಕೆ?

ಊಬರ್ ಮತ್ತು ಅದರ ಪ್ರತಿಸ್ಪರ್ಧಿ ಕ್ಯಾಬ್ ಕಂಪನಿ ಲಿಫ್ಟ್ ಎರಡೂ ಅಮೆರಿಕ, ಕೆನಡಾಗಳಲ್ಲಿ ಪೂಲ್ ನಿಲ್ಲಿಸಿದ್ದು 2020ರ ಮಾರ್ಚ್ 17ರಂದು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದು ಒಂದು ವಾರವೂ ಆಗಿರಲಿಲ್ಲ. ಒಬ್ಬರೇ ಹೋಗುವ ಕ್ಯಾಬ್ ಮಾತ್ರ ಓಡುತ್ತಲೇ ಇತ್ತು. ಊಬರ್‌ನ ಪೂಲ್ ಅಮೆರಿಕದಲ್ಲಿ ಹೊಸ ಹೆಸರು ಇಟ್ಟುಕೊಂಡು ವಾಪಸ್ ಬಂದದ್ದು 2022ರ ಜೂನ್‌ನಲ್ಲಿ. ಎರಡು ವರ್ಷಕ್ಕೂ ಮೇಲೆ.

ಪೂಲ್‌ನಲ್ಲಿ ಪಕ್ಕಕ್ಕೆ ಯಾರು ಬಂದು ಕೂರುತ್ತಾರೆ ಅಂತ ನೀವು ಆರಿಸುವುದಿಲ್ಲ. ಅವರು ಕೆಮ್ಮಿದರೆ ಇಳಿದು ಹೋಗುವುದು ಸುಲಭವಲ್ಲ. ನಿಜವಾದ ಅಪಾಯವೂ ಜಾಸ್ತಿಯೇ: ಸಣ್ಣ ಜಾಗ, ಹೆಚ್ಚು ಮಂದಿ, ಸುತ್ತು ದಾರಿ ಆದ್ದರಿಂದ ಹೆಚ್ಚು ಹೊತ್ತು. ಇಲ್ಲಿ ಅನಿಸಿಕೆಯೂ ವಾಸ್ತವವೂ ಒಂದೇ ದಿಕ್ಕಿನಲ್ಲಿದ್ದವು. ಪೂಲ್ ಕೊಡುವ ಲಾಭ ಎಂದರೆ ಸ್ವಲ್ಪ ದುಡ್ಡು ಉಳಿತಾಯ. ಅಷ್ಟು ಉಳಿತಾಯಕ್ಕೆ ಇಷ್ಟು ಚಿಂತೆ ಬೇಡ ಅಂತ ಜನ ತೀರ್ಮಾನ ಮಾಡಲು ತುಂಬಾ ಹೊತ್ತು ಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಪೂಲ್‌ಗೆ ಮೊದಲಿನಿಂದಲೂ ಜನರ ಮನಸ್ಸಿನಲ್ಲಿ ಗಟ್ಟಿ ಜಾಗ ಇರಲಿಲ್ಲ. ಸೋಂಕು ಬರುವ ಮುಂಚೆಯೂ ಅದು ರಿಯಾಯಿತಿಯ ಮೇಲೆಯೇ ನಿಂತಿತ್ತು.

ಬಸ್ಸು, ರೈಲು ಬಿಟ್ಟು ಕ್ಯಾಬಿಗೆ ಬಂದವರೂ ಇದ್ದಾರಲ್ಲ?

ಇದ್ದಾರೆ. ತುಂಬಿದ ಬೋಗಿಗೆ ಹೋಲಿಸಿದರೆ ಕ್ಯಾಬಿನಲ್ಲಿ ಡ್ರೈವರ್ ಒಬ್ಬರೇ. ಸ್ವಂತ ಕಾರಿಗೆ ಹೋಲಿಸಿದರೆ ಆ ಒಬ್ಬರೂ ಹೆಚ್ಚು. ಹಾಗಾಗಿ ಮನೆ ಮುಂದೆ ಕಾರು ಇದ್ದವರಿಗೆ ಕ್ಯಾಬ್ ಅಪಾಯದಂತೆ ಕಂಡಿತು, ಇಲ್ಲದವರಿಗೆ ಆಸರೆಯಂತೆ ಕಂಡಿತು. 'ಆರೋಗ್ಯದ ಭಯ ಆ್ಯಪ್ ಬಳಕೆಯನ್ನು ಕಡಿಮೆ ಮಾಡುತ್ತದೆಯೇ' ಎಂಬ ಪ್ರಶ್ನೆಗೆ ಒಬ್ಬ ಸಂಶೋಧಕರು ಹೌದು ಅಂತಲೂ ಇನ್ನೊಬ್ಬರು ಇಲ್ಲ ಅಂತಲೂ ಹೇಳುವುದಕ್ಕೆ ಇದೊಂದು ಕಾರಣ. ಯಾವುದಕ್ಕೆ ಹೋಲಿಸಿ ಅಂತ ಕೇಳದೆ ಉತ್ತರ ಕೇಳಿದರೆ ಹೀಗೇ ಆಗುತ್ತದೆ.

ಬಾಡಿಗೆ ಸೈಕಲ್, ಸ್ಕೂಟರ್‌ಗಳ ಕಥೆ?

2020ರ ಮಾರ್ಚ್‌ನಲ್ಲಿ ಲೈಮ್, ಬರ್ಡ್ ಕಂಪನಿಗಳು ಎಷ್ಟೋ ಊರುಗಳಿಂದ ಸ್ಕೂಟರ್‌ಗಳನ್ನು ಎತ್ತಿಕೊಂಡು ಹೋದವು. ಆಗಿನ್ನೂ ಎಲ್ಲರ ಗಮನ ಹ್ಯಾಂಡಲ್ ಯಾರು ಮುಟ್ಟಿದರು ಎನ್ನುವುದರ ಮೇಲಿತ್ತು. ಸೋಂಕು ಮುಖ್ಯವಾಗಿ ಗಾಳಿಯ ಮೂಲಕ ಹರಡುತ್ತದೆ ಅಂತ ಗೊತ್ತಾಗುತ್ತಾ ಬಂದಂತೆ, ಬಯಲು ಗಾಳಿಯಲ್ಲಿ ಒಬ್ಬರೇ ಹೋಗುವ ಸವಾರಿ ಒಳ್ಳೆಯ ಆಯ್ಕೆಯಂತೆ ಕಂಡಿತು. ವಾಹನ ಬದಲಾಗಲಿಲ್ಲ, ತಿಳಿವಳಿಕೆ ಬದಲಾಯಿತು. ಬಳಕೆಯೂ ಅದರ ಹಿಂದೆ ಹೋಯಿತು.

ಸಂಶೋಧಕರು ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಹೆಚ್ಚಿನವರು ಎರಡು ಬೇರೆ ಬೇರೆ ಪರಂಪರೆಗಳನ್ನು ಜೋಡಿಸುತ್ತಾರೆ. ಒಂದು ತಂತ್ರಜ್ಞಾನದ ಕಡೆಯದು. ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಮಾದರಿ ಎರಡೇ ಪ್ರಶ್ನೆ ಕೇಳುತ್ತದೆ: ಇದರಿಂದ ಉಪಯೋಗ ಇದೆ ಅನಿಸುತ್ತದಾ, ಬಳಸುವುದು ಸುಲಭ ಅನಿಸುತ್ತದಾ? 2003ರಲ್ಲಿ ವೆಂಕಟೇಶ್ ಮತ್ತು ಸಂಗಡಿಗರು ಇಂಥ ಎಂಟು ಮಾದರಿಗಳನ್ನು ಒಟ್ಟು ಮಾಡಿ, ಸುತ್ತಲಿನವರ ಪ್ರಭಾವ ಮತ್ತು ಅನುಕೂಲಗಳನ್ನೂ ಸೇರಿಸಿದರು.

ಇನ್ನೊಂದು ಆರೋಗ್ಯದ ಕಡೆಯದು, ನನಗೆ ಹೆಚ್ಚು ಇಷ್ಟವಾದದ್ದು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಒಂದು ತಲೆನೋವಿತ್ತು. ಕ್ಷಯರೋಗ ಪತ್ತೆಗೆ ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿಟ್ಟು ಜನರ ಬೀದಿಗೇ ತಂದು ನಿಲ್ಲಿಸುತ್ತಿದ್ದರು. ದುಡ್ಡು ಕೊಡಬೇಕಾಗಿರಲಿಲ್ಲ. ಆದರೂ ಎಷ್ಟೋ ಜನ ಬರುತ್ತಿರಲಿಲ್ಲ. ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು ಯಾಕೆ ಅಂತ ಹುಡುಕುತ್ತಾ ಹೋದರು. ನನಗೂ ಬರಬಹುದು ಅನ್ನುವ ಅನಿಸಿಕೆ, ಬಂದರೆ ಎಷ್ಟು ಕೆಟ್ಟದ್ದು, ಪರೀಕ್ಷೆಯಿಂದ ಏನು ಪ್ರಯೋಜನ, ಏನು ತೊಡಕು: ಇವೆಲ್ಲ ಸೇರಿ ಮನುಷ್ಯ ಹೆಜ್ಜೆ ಇಡುತ್ತಾನೆ ಅಂತ ಕಂಡುಕೊಂಡರು. ಇದೇ ಆರೋಗ್ಯ ನಂಬಿಕೆಯ ಮಾದರಿ.

1975ರಲ್ಲಿ ರೊನಾಲ್ಡ್ ರೋಜರ್ಸ್ ಕೊಟ್ಟ, 1983ರಲ್ಲಿ ತಿದ್ದಿದ ಮಾದರಿ ಇದಕ್ಕೆ ಒಂದು ಮುಖ್ಯ ಸಂಗತಿ ಸೇರಿಸಿತು. ಹೆದರಿಕೆ ಒಂದೇ ಸಾಲದು. 'ನಾನು ಏನಾದರೂ ಮಾಡಬಲ್ಲೆ, ಮಾಡಿದರೆ ಉಪಯೋಗ ಇದೆ' ಅಂತಲೂ ಅನಿಸಬೇಕು. ಹೆದರಿಕೆ ಇದೆ, ಮಾಡಲು ದಾರಿ ಇದೆ ಎಂದರೆ ಜನ ಎಚ್ಚರಿಕೆ ತೆಗೆದುಕೊಂಡು ಹೋಗುತ್ತಾರೆ. ಹೆದರಿಕೆ ಇದೆ, ದಾರಿ ಇಲ್ಲ ಎಂದರೆ ಒಂದೋ ಪೂರ್ತಿ ಬಿಟ್ಟುಬಿಡುತ್ತಾರೆ, ಇಲ್ಲವೇ 'ಇದೆಲ್ಲ ಸುಮ್ನೆ ಹೇಳ್ತಾರೆ' ಅಂತ ತಳ್ಳಿಹಾಕುತ್ತಾರೆ. ಕ್ಯಾಬ್ ಆ್ಯಪ್ ಏನಾದರೂ ಮಾಡಲು ಸಾಧ್ಯ ಇರುವುದು ಇಲ್ಲೇ. ವೈರಸ್ ಎಷ್ಟು ಕೆಟ್ಟದ್ದು ಎನ್ನುವುದನ್ನು ಆ್ಯಪ್ ಬದಲಾಯಿಸಲಾರದು. ಪ್ರಯಾಣಿಕರ ಕೈಗೆ ಒಂದಿಷ್ಟು ಹಿಡಿತ ಕೊಡಬಲ್ಲದು.

'ಮುಂದೆ ಬಳಸುತ್ತೀರಾ?' ಎಂಬ ಸಮೀಕ್ಷೆಯ ಉತ್ತರವನ್ನು ನಂಬಬಹುದಾ?

ಅರ್ಧ ನಂಬಿ. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಅಳೆದದ್ದು ಉದ್ದೇಶವನ್ನು, ಓಡಾಟವನ್ನಲ್ಲ. ಪಾಸ್ಕಲ್ ಶೀರನ್ 2002ರಲ್ಲಿ ಹಲವು ವಿಷಯಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಉದ್ದೇಶದಿಂದ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ನಡವಳಿಕೆಯ ವ್ಯತ್ಯಾಸವನ್ನು ವಿವರಿಸಲು ಆದದ್ದು ಸರಾಸರಿ 28% ಮಾತ್ರ. ಮಳೆ ಸುರಿಯುವಾಗ, ತಡವಾದಾಗ, ಮಗುವನ್ನು ಎತ್ತಿಕೊಂಡಿರುವಾಗ 'ನಾನು ಕ್ಯಾಬ್ ಹತ್ತುವುದಿಲ್ಲ' ಎಂದವರೂ ಹತ್ತುತ್ತಾರೆ.

ಇನ್ನೊಂದು ತೊಡಕು ಕಾರಣ ಮತ್ತು ಪರಿಣಾಮದ ದಿಕ್ಕಿನದು. ಭಯ ಕಡಿಮೆ ಇದ್ದವರು ಹೆಚ್ಚು ಪ್ರಯಾಣ ಮಾಡುತ್ತಾರೆ ಅಂತ ಸಮೀಕ್ಷೆ ತೋರಿಸಿತು ಅನ್ನಿ. ಭಯ ಕಡಿಮೆ ಇದ್ದದ್ದರಿಂದ ಹೋದರೋ, ದಿನವೂ ಹೋಗಬೇಕಾದ್ದರಿಂದ ಮನಸ್ಸು ಭಯವನ್ನು ಕಡಿಮೆ ಮಾಡಿಕೊಂಡಿತೋ? ಒಂದೇ ಸಲ ಕೇಳಿದ ಸಮೀಕ್ಷೆಯಿಂದ ಇದನ್ನು ಬಿಡಿಸಲು ಆಗುವುದಿಲ್ಲ. ಅದೇ ಜನರನ್ನು ತಿಂಗಳುಗಟ್ಟಲೆ ಹಿಂಬಾಲಿಸಬೇಕು. ಇಂಟರ್ನೆಟ್‌ನಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸುವವರು ಮೊದಲೇ ಫೋನಿಗೆ ಒಗ್ಗಿದವರು ಎನ್ನುವುದನ್ನೂ ಮರೆಯಬಾರದು. ಆ್ಯಪ್ ಎಂದರೆ ಗಾಬರಿಯಾಗುವ ಹಿರಿಯರು ಆ ಪಟ್ಟಿಯಲ್ಲೇ ಇರುವುದಿಲ್ಲ.

ಯಾರಿಗೆ ಹೆಚ್ಚು ಭಯ?

ವಯಸ್ಸಾದವರು, ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಇರುವವರು, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುವವರು. ಇದು ಊಹಿಸಬಹುದಾದ್ದೇ. ಕೊನೆಯ ಗುಂಪನ್ನು ಮಾತ್ರ ಅನೇಕ ಅಧ್ಯಯನಗಳು ಕೇಳುವುದೇ ಇಲ್ಲ. ತನಗೆ ಏನೂ ಆಗುವುದಿಲ್ಲ ಅಂತ ಗೊತ್ತಿರುವ ಯುವಕ ಮನೆಯಲ್ಲಿರುವ ಅಜ್ಜಿಗೆ ಹೆದರಿ ಕ್ಯಾಬ್ ಬಿಡಬಹುದು.

ಇದಕ್ಕೆ ಎದುರಾಗಿ ಕೆಲಸ ಮಾಡುವುದು 'ಬೇರೆಯವರಿಗೆ ಬರಬಹುದು, ನನಗೆ ಬರಲಿಕ್ಕಿಲ್ಲ' ಎಂಬ ಧೈರ್ಯ. ನೀಲ್ ವೈನ್‌ಸ್ಟೈನ್ 1980ರಲ್ಲಿ ಇದನ್ನು ದಾಖಲಿಸಿದರು. ಇನ್ನು ಹೆಂಗಸರ ವಿಷಯಕ್ಕೆ ಬಂದರೆ, ಅವರು ಎಷ್ಟೋ ಸಲ ಎರಡು ಭಯಗಳನ್ನು ತೂಗುತ್ತಿರುತ್ತಾರೆ. ರಾತ್ರಿ ಒಬ್ಬರೇ ಡ್ರೈವರ್ ಜೊತೆ ಹೋಗುವ ಚಿಂತೆ ಒಂದು ಕಡೆ, ಜನ ತುಂಬಿದ ಬೋಗಿಯ ಸೋಂಕು ಮತ್ತು ಕಿರುಕುಳ ಇನ್ನೊಂದು ಕಡೆ. ಆರೋಗ್ಯದ ಭಯವನ್ನು ಮಾತ್ರ ಬೇರೆ ತೆಗೆದು ಅಳೆದರೆ ಅವರ ಆಯ್ಕೆ ಅರ್ಥವಾಗುವುದಿಲ್ಲ.

ಭಯ ಇದ್ದೂ ಹತ್ತುವವರನ್ನು ಏನನ್ನೋಣ?

ಬೇರೆ ದಾರಿ ಇಲ್ಲದವರು ಅನ್ನೋಣ. ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗೆ ಮನೆಯಲ್ಲಿ ಕೂರುವ ಆಯ್ಕೆ ಇರಲಿಲ್ಲ. ಆ್ಯಪ್‌ನ ಅಂಕಿಅಂಶದಲ್ಲಿ ಅವರು 'ನಿಷ್ಠಾವಂತ ಗ್ರಾಹಕರು' ಅಂತ ಕಾಣುತ್ತಾರೆ. ಬಳಕೆ ಇದ್ದ ಮಾತ್ರಕ್ಕೆ ನಂಬಿಕೆ ಇದೆ ಅಂತಲ್ಲ.

ಮಾಸ್ಕ್ ಸೆಲ್ಫಿ, ಪ್ಲಾಸ್ಟಿಕ್ ಪರದೆ, ಸೀಟಿಗೆ ಸ್ಪ್ರೇ. ಇವೆಲ್ಲ ಕೆಲಸ ಮಾಡಿದವಾ?

ಯಾವ ಕೆಲಸ ಅಂತ ಕೇಳಬೇಕು. ಸೋಂಕು ತಡೆಯುವುದು ಒಂದು ಕೆಲಸ. ಜನರ ಭಯ ಇಳಿಸುವುದು ಇನ್ನೊಂದು. ಎರಡನೆಯದನ್ನು ಚೆನ್ನಾಗಿ ಮಾಡಿ ಮೊದಲನೆಯದನ್ನು ಮಾಡದ ಕ್ರಮಗಳು ಬೇಕಾದಷ್ಟು ಇವೆ.

ಸ್ಪ್ರೇ ತೆಗೆದುಕೊಳ್ಳಿ. ಮೊದಮೊದಲು ಎಲ್ಲರೂ ಸೀಟು, ಹಿಡಿಕೆ, ಬೆಲ್ಟ್ ಒರೆಸುವುದರಲ್ಲಿ ಮುಳುಗಿದ್ದರು. ನ್ಯೂಯಾರ್ಕ್ ಸಬ್‌ವೇಯನ್ನು, ಅಂದರೆ ಅಲ್ಲಿನ ಮೆಟ್ರೋ ರೈಲನ್ನು, 2020ರ ಮೇ 6ರಿಂದ ರಾತ್ರಿ 1ರಿಂದ 5 ಗಂಟೆವರೆಗೆ ಮುಚ್ಚಿ ತೊಳೆಯುತ್ತಿದ್ದರು. ಮತ್ತೆ ಇಡೀ ದಿನ ಓಡಲು ಶುರುವಾದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ, 2021ರ ಏಪ್ರಿಲ್‌ನಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಒಂದು ಮಾತು ಹೇಳಿತ್ತು: ಸೋಂಕು ಅಂಟಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಹತ್ತುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಡಿಮೆ. ಸ್ಪ್ರೇ ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ, ಒರೆಸುವವರು ಕಣ್ಣಿಗೆ ಕಾಣುತ್ತಾರೆ. ಹಾಗಾಗಿ ಸಮಾಧಾನ ಸಿಗುತ್ತದೆ.

ಮಾಸ್ಕ್ ವಿಷಯ ಬೇರೆ, ಅದು ಎರಡೂ ಕೆಲಸ ಮಾಡಿತು. 2020ರ ಮೇ 18ರಿಂದ ಊಬರ್ ಡ್ರೈವರ್‌ಗೂ ಪ್ರಯಾಣಿಕರಿಗೂ ಮಾಸ್ಕ್ ಕಡ್ಡಾಯ ಮಾಡಿತು. ಡ್ರೈವರ್ ಸೆಲ್ಫಿ ತೆಗೆದು ತೋರಿಸಬೇಕಿತ್ತು. ಮೊದಲು ಈ ಸೆಲ್ಫಿ ನಿಯಮ ಡ್ರೈವರ್‌ಗಳಿಗೆ ಮಾತ್ರ ಇತ್ತು. ಮಾಸ್ಕ್ ಹಾಕದ ಪ್ರಯಾಣಿಕರಿಂದಲೂ ಸೆಲ್ಫಿ ಕೇಳುವುದು ಆಮೇಲೆ ಬಂತು. ಡ್ರೈವರ್‌ಗಳಿಗೆ ಸಿಟ್ಟು ಬಂದಿದ್ದರೆ ಆಶ್ಚರ್ಯವಿಲ್ಲ. ಎರಡೂ ಕಡೆ ಒಂದೇ ನಿಯಮ ಅಂತ ಕಂಡರೆ ಮಾತ್ರ ಅದು ಭರವಸೆ ಹುಟ್ಟಿಸುತ್ತದೆ.

ಪರದೆಯನ್ನು ಚೀನಾದ ಕ್ಯಾಬ್ ಕಂಪನಿ ಡೀಡಿ 2020ರ ಆರಂಭದಲ್ಲೇ ಕಾರುಗಳಿಗೆ ಹಾಕಿಸಲು ಶುರುಮಾಡಿತು. ಎದುರಿಗೆ ಹಾರುವ ಹನಿಗಳನ್ನು ಅದು ತಡೆಯುತ್ತದೆ. ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಸುತ್ತಿಕೊಂಡು ಬರುತ್ತವೆ. ಕಿಟಕಿ ಮುಚ್ಚಿದ ಕಾರಿಗೆ ಪರದೆ ಹಾಕಿ ನಿಶ್ಚಿಂತೆಯಿಂದ ಕೂತರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಯಾವ ಕಿಟಕಿ ತೆಗೆಯಬೇಕು?

ಸಾಧ್ಯವಾದರೆ ನಾಲ್ಕೂ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡವೊಂದು ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಹೋಗುವ ಕಾರಿನ ಒಳಗೆ ಗಾಳಿ ಹೇಗೆ ಓಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿತು. ಎಲ್ಲ ಕಿಟಕಿ ಮುಚ್ಚಿ ಎಸಿ ಹಾಕಿದಾಗ ಕಣಗಳು ಅತಿ ಹೆಚ್ಚು ಉಳಿದವು. ಎಲ್ಲ ತೆಗೆದಾಗ ಅತಿ ಕಡಿಮೆ. ಎರಡನ್ನೇ ತೆಗೆಯಬೇಕೆಂದರೆ ಒಂದು ವಿಚಿತ್ರ ಫಲಿತಾಂಶ ಬಂತು. ಪ್ರಯಾಣಿಕರು ಹಿಂದಿನ ಸೀಟಿನಲ್ಲಿ ಡ್ರೈವರ್‌ಗೆ ಮೂಲೆಗೆ ಮೂಲೆ ಕೂತಿದ್ದಾಗ, ಇಬ್ಬರೂ ತಮ್ಮ ಪಕ್ಕದ ಕಿಟಕಿ ಇಳಿಸುವ ಬದಲು ತಮಗೆ ಎದುರು ಬದಿಯ ಕಿಟಕಿ ಇಳಿಸಿದರೆ ಹೆಚ್ಚು ಅನುಕೂಲ. ಆಗ ಇಬ್ಬರ ನಡುವೆ ಗಾಳಿಯೇ ಒಂದು ಪರದೆಯಂತೆ ಹಾದುಹೋಗುತ್ತದೆ.

ಇದಕ್ಕೆ ಖರ್ಚೇನೂ ಇಲ್ಲ. ಆದರೂ 'ಕಿಟಕಿ ತೆಗೆದಿರಲಿ' ಅಂತ ಬುಕ್ ಮಾಡುವಾಗಲೇ ಒತ್ತಬಹುದಾದ ಒಂದು ಬಟನ್ ಆ್ಯಪ್‌ಗಳಲ್ಲಿ ಸೆಲ್ಫಿಯಷ್ಟು ಬೇಗ ಬರಲಿಲ್ಲ. ಡ್ರೈವರ್‌ಗೆ ಬಾಯಿಬಿಟ್ಟು ಹೇಳಲು ಎಷ್ಟೋ ಜನರಿಗೆ ಸಂಕೋಚ. ಆ ಸಂಕೋಚವನ್ನು ತೆಗೆಯುವುದೂ ಒಂದು ವಿನ್ಯಾಸವೇ.

ಡ್ರೈವರ್‌ಗಳ ಭಯದ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮಾತಾಡಬೇಕು. ಪ್ರಯಾಣಿಕರು ದಿನಕ್ಕೆ ಒಬ್ಬ ಡ್ರೈವರ್ ಜೊತೆ ಕೂರುತ್ತಾರೆ, ಡ್ರೈವರ್ ದಿನವಿಡೀ ಒಬ್ಬರಾದ ಮೇಲೆ ಒಬ್ಬರ ಜೊತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಕೋವಿಡ್ ಸಂಬಂಧಿತ ಸಾವುಗಳನ್ನು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಉದ್ಯೋಗವಾರು ಲೆಕ್ಕ ಹಾಕಿತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಒಟ್ಟಾರೆ 1 ಲಕ್ಷಕ್ಕೆ ಸುಮಾರು 31 ಸಾವು. ಟ್ಯಾಕ್ಸಿ ಓಡಿಸುವ ಗಂಡಸರಲ್ಲಿ ಸುಮಾರು 101. ವಾಸಿಸುವ ಜಾಗ, ಬಡತನ, ಮೊದಲೇ ಇದ್ದ ಕಾಯಿಲೆಗಳ ಪಾಲೂ ಇದರಲ್ಲಿರಬಹುದು. ಆದರೂ ಅವರ ಹೆದರಿಕೆ ಬರೀ ಅನಿಸಿಕೆ ಆಗಿರಲಿಲ್ಲ ಅಂತ ಹೇಳಲು ಇಷ್ಟು ಸಾಕು.

ಇದು ಬಳಕೆಯ ಮೇಲೂ ಬಂದು ಬೀಳುತ್ತದೆ. ಡ್ರೈವರ್‌ಗಳು ಬಿಟ್ಟು ಹೋದರೆ ಕಾಯುವ ಹೊತ್ತು, ದರ ಎರಡೂ ಏರುತ್ತವೆ. 2021ರಲ್ಲಿ ಪ್ರಯಾಣಿಕರು ವಾಪಸ್ ಬಂದರೂ ಡ್ರೈವರ್‌ಗಳು ಅಷ್ಟು ಬೇಗ ಬರಲಿಲ್ಲ. ಅವರನ್ನು ಕರೆತರಲು ಊಬರ್ ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 25 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಘೋಷಿಸಿತು. ಹೊರಗಿನಿಂದ ನೋಡಿದವರು 'ಜನರಿಗೆ ಇನ್ನೂ ಭಯ, ಬುಕ್ ಮಾಡುತ್ತಿಲ್ಲ' ಅನ್ನಬಹುದಿತ್ತು. ಅಸಲಿಗೆ ಬುಕ್ ಮಾಡಿದರೂ ಬರಲು ಕಾರಿರಲಿಲ್ಲ. ಪ್ರಯಾಣಿಕರನ್ನು ಮಾತ್ರ ಕೇಳಿದ ಸಮೀಕ್ಷೆಗೆ ಈ ಅರ್ಧ ಭಾಗ ಕಾಣುವುದೇ ಇಲ್ಲ.

ಸುರಕ್ಷತೆಯ ಸಂದೇಶ ಜಾಸ್ತಿ ಹಾಕಿದರೆ ಹೆದರಿಕೆ ಹೆಚ್ಚಾಗಲ್ವಾ?

ಆಗಬಹುದು. ಆ್ಯಪ್ ತೆರೆದಾಗಲೆಲ್ಲ ಎಚ್ಚರಿಕೆ ಕಂಡರೆ ಮರೆತಿದ್ದವರಿಗೂ ನೆನಪಾಗುತ್ತದೆ. ಎಚ್ಚರಿಕೆಯ ಜೊತೆಗೇ ಮಾಡಬಹುದಾದ ಒಂದು ಕೆಲಸವನ್ನೂ ಹೇಳಿ. ಇಲ್ಲದಿದ್ದರೆ ಹಾಕಲೇಬೇಡಿ.

ಸೋಂಕು ಬಿಟ್ಟು ಬೇರೆ ಆರೋಗ್ಯದ ಅಪಾಯಗಳು?

ದೊಡ್ಡದು ರಸ್ತೆ ಅಪಘಾತ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಮಂದಿ ರಸ್ತೆಯಲ್ಲಿ ಸಾಯುತ್ತಾರೆ. ಸೀಟ್ ಬೆಲ್ಟ್ ಹಾಕಿದರೆ ಕಾರಿನಲ್ಲಿರುವವರ ಸಾವಿನ ಸಾಧ್ಯತೆ 50% ವರೆಗೂ ಇಳಿಯುತ್ತದೆ. ಆದರೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹುಡುಕುವವರು ಎಷ್ಟು ಮಂದಿ? ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಬೆಲ್ಟ್ ಹಾಕದೆ ಕೂರುವುದು ನಮಗೆ ವಿಚಿತ್ರ ಅನಿಸುವುದೇ ಇಲ್ಲ. ಅಪಘಾತ ಹಳೆಯದು, ರೂಢಿಯಾಗಿಬಿಟ್ಟಿದೆ, ಒಂದೊಂದಾಗಿ ಕೊಲ್ಲುತ್ತದೆ. ಸ್ಲೋವಿಕ್ ಹೇಳಿದ ಎರಡೂ ಅಳತೆಯಲ್ಲಿ ಅದಕ್ಕೆ ಕಡಿಮೆ ಅಂಕ.

ಬಾಡಿಗೆ ಸ್ಕೂಟರಿನಲ್ಲಂತೂ ಇದು ಇನ್ನೂ ಸ್ಪಷ್ಟ. ಬೇರೆಯವರು ಹಾಕಿದ ಹೆಲ್ಮೆಟ್ ಕೊಳಕು ಅಂತ ಬಿಟ್ಟು, ಬರಿ ತಲೆಯಲ್ಲಿ ಹೋಗುವವರಿದ್ದಾರೆ. ಸಣ್ಣ ಅಪಾಯ ತಪ್ಪಿಸಲು ದೊಡ್ಡದನ್ನು ತಲೆ ಮೇಲೆ ಎಳೆದುಕೊಂಡ ಹಾಗೆ, ಅಕ್ಷರಶಃ.

ಭಯ ಹೋದ ಮೇಲೆ ಜನ ಹಳೆಯ ದಾರಿಗೇ ಬರುತ್ತಾರಾ?

ಬಹಳಷ್ಟು ಮಟ್ಟಿಗೆ ಬರುತ್ತಾರೆ. ಅಮೆರಿಕದಲ್ಲಿ ಕ್ಯಾಬ್‌ಗಳ ಮಾಸ್ಕ್ ಕಡ್ಡಾಯ 2022ರ ಏಪ್ರಿಲ್‌ನಲ್ಲಿ ಹೋಯಿತು. ಆ ವರ್ಷವೇ ಊಬರ್‌ನ ಪ್ರಯಾಣದ ವಹಿವಾಟು 2019ರ ಮಟ್ಟವನ್ನು ದಾಟಿತು. ಭಯ ಬೇಗ ಬರುತ್ತದೆ, ಅಭ್ಯಾಸದ ಎದುರು ನಿಧಾನಕ್ಕೆ ಸೋಲುತ್ತದೆ. ಉಳಿದುಕೊಂಡವು ಅನುಕೂಲದ ಸಂಗತಿಗಳು: ನೋಟು ಮುಟ್ಟದೆ ಫೋನಿನಲ್ಲೇ ಪಾವತಿ, ಬೋಗಿ ಎಷ್ಟು ತುಂಬಿದೆ ಅಂತ ಹೊರಡುವ ಮುಂಚೆ ಮ್ಯಾಪ್‌ನಲ್ಲಿ ನೋಡುವುದು. ಭಯಕ್ಕೆ ಶುರು ಮಾಡಿದವರೂ ಸುಲಭ ಅನ್ನುವ ಕಾರಣಕ್ಕೆ ಮುಂದುವರಿಸಿದರು. ಸ್ವಂತ ಕಾರು ಕೊಂಡವರ ವಿಷಯ ಬೇರೆ. ಕೊಂಡ ಕಾರು ಮನೆ ಮುಂದೆ ಇರುವವರೆಗೂ ಅವರನ್ನು ಕ್ಯಾಬಿಗೆ ಕರೆತರುವುದು ಕಷ್ಟ.

ನನ್ನ ಆರೋಗ್ಯದ ಮಾಹಿತಿ ಕೇಳುವ ಆ್ಯಪ್ ಒಳ್ಳೆಯದೋ ಕೆಟ್ಟದ್ದೋ?

ಎಚ್ಚರ ಇರಲಿ. ಕಾಯಿಲೆಯ ಭಯ ಇಳಿಸಲು ಹೋಗಿ ಖಾಸಗಿ ಮಾಹಿತಿ ಸೋರುವ ಭಯ ಹುಟ್ಟಿಸಿದರೆ ಲೆಕ್ಕ ಅಲ್ಲಿಗಲ್ಲಿಗೆ. ಡ್ರೈವರ್ ಜ್ವರದ ಅಂಕಿಯನ್ನು ಎಲ್ಲರಿಗೂ ತೋರಿಸುವ ಆ್ಯಪ್‌ಗಳ ಬಗ್ಗೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಅದು ಅವರ ದೇಹದ ಮಾಹಿತಿ. ಕೊಡುವುದಿಲ್ಲ ಅಂದರೆ ಕೆಲಸ ಹೋಗುತ್ತದೆ ಎನ್ನುವಾಗ ಒಪ್ಪಿಗೆ ಕೊಟ್ಟರು ಅನ್ನುವುದಕ್ಕೆ ಅರ್ಥವಿಲ್ಲ.

ನನಗೇ ಜ್ವರ, ಕೆಮ್ಮು ಇದೆ. ಕ್ಯಾಬ್ ಬುಕ್ ಮಾಡಬಹುದಾ?

ಬೇರೆ ದಾರಿ ಇದ್ದರೆ ಬೇಡ. ತುಂಬಾ ಹುಷಾರಿಲ್ಲದಿದ್ದರೆ ಆಂಬ್ಯುಲೆನ್ಸ್ ಕರೆಯಿರಿ. ಆಸ್ಪತ್ರೆಗೆ ಕ್ಯಾಬಿನಲ್ಲೇ ಹೋಗಬೇಕಾಗಿ ಬಂದರೆ ಡ್ರೈವರ್‌ಗೆ ಮೊದಲೇ ಹೇಳಿ, ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಪೂಲ್ ಬೇಡವೇ ಬೇಡ. ಚೆನ್ನಾಗಿ ಕೂರುವ ಮಾಸ್ಕ್ ಹಾಕಿ, ಹಿಂದಿನ ಸೀಟಿನಲ್ಲಿ ಡ್ರೈವರ್‌ಗೆ ಮೂಲೆಗೆ ಮೂಲೆ ಕುಳಿತುಕೊಳ್ಳಿ, ಕಿಟಕಿಗಳನ್ನು ಇಳಿಸಲು ಕೇಳಿ. ಕಂಪನಿಗಳಿಗೂ ಇಲ್ಲಿ ಒಂದು ಮಾತು: ಹುಷಾರಿಲ್ಲ ಅಂತ ಬುಕಿಂಗ್ ರದ್ದು ಮಾಡಿದವರಿಗೆ ದಂಡ ಹಾಕಿದರೆ, ಅವರು ಮುಂದಿನ ಸಲ ಕೆಮ್ಮುತ್ತಲೇ ಹತ್ತುತ್ತಾರೆ.